ಬೇಕರಿ ಮಾಲೀಕನ ಬೆಳಗಿನ ಸ್ತೋತ್ರ

ಒಂದೂರಿನಲ್ಲಿ ಒಬ್ಬ ಶ್ರೀಮಂತ ಇದ್ದ, ಪ್ರಿಯರೇ. ನಮ್ಮ ನಿಮ್ಮ ಹಾಗೆ ಭಾನುವಾರ ತಪ್ಪದೆ ಸಭೆಗೆ ಬರುವವನೇ. ದೊಡ್ಡ ಬೇಕರಿ ಅವನದು. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಆರಾಧನೆ ಮುಗಿದ ಮೇಲೆ ನೀವೆಲ್ಲ ಅವನ ಬಗ್ಗೆ ಮಾತಾಡುತ್ತೀರಿ, ನಿಮ್ಮ ಬಗ್ಗೆ ಯೋಚಿಸುವುದಿಲ್ಲ. ಅವನ ಹೆಂಡತಿಯ ಹೆಸರು ಬೇಕಾದರೆ ಹೇಳುತ್ತೇನೆ. ಕೃಪಾಮಣಿ.

ಅವನ ತಂದೆಯ ಕಾಲದಿಂದ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗ್ಗೆ ಕಾಫಿಗೆ ಮುಂಚೆ ಮನೆಯವರು ಚಾಪೆಯ ಮೇಲೆ ಕೂರಬೇಕು. ಯಜಮಾನ ಬಾಯಿಬಿಟ್ಟು ದೇವರಿಗೆ ಸ್ತೋತ್ರ ಹೇಳಬೇಕು, ಉಳಿದವರು ಆಮೆನ್ ಅನ್ನಬೇಕು. ಒಳ್ಳೆಯ ಪದ್ಧತಿ. ಆದರೆ ಬೇಕರಿಯವನಿಗೆ ಕೆಲಸ ಇರುವುದೇ ಬೆಳಗ್ಗೆ ಅಲ್ಲವೇ? ಭಟ್ಟಿ ನೋಡಬೇಕು, ಬ್ರೆಡ್ಡಿನ ಗಾಡಿ ಹೊರಡಿಸಬೇಕು, ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತದೆ.

ಅವನು ಏನು ಮಾಡಿದ ಗೊತ್ತೇ? ಒಂದು ದಿನ ಪುರುಸೊತ್ತು ಮಾಡಿಕೊಂಡು, ಚೆನ್ನಾಗಿ ಒಂದು ಪ್ರಾರ್ಥನೆ ಮಾಡಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಬಿಟ್ಟ. ದಿನಾ ಬೆಳಗ್ಗೆ ಸ್ತೋತ್ರದ ಹೊತ್ತಿಗೆ ಅಲಾರಂ ಬದಲು ಅದೇ ಬರುವ ಹಾಗೆ ಇಟ್ಟ. ಹಜಾರದಲ್ಲಿ ಅವನ ದನಿ ಸ್ತೋತ್ರ ಹೇಳುತ್ತಿತ್ತು, ಬಚ್ಚಲಿನಲ್ಲಿ ಅವನು ಶೇವ್ ಮಾಡಿಕೊಳ್ಳುತ್ತಿದ್ದ. ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಚಾಪೆಯ ಮೇಲೆ ಕೃಪಾಮಣಿ ಒಬ್ಬಳೇ ಕೂತು ಆ ಮೊಬೈಲಿಗೆ ಆಮೆನ್ ಅನ್ನುತ್ತಿದ್ದಳು.

ಒಂದು ದಿನ ಅವಳು ಕೇಳಿದಳು. "ರೀ, ನಿನ್ನೆಯ ಬ್ರೆಡ್ಡನ್ನ ಗಿರಾಕಿಗೆ ಕೊಡಲ್ಲ ಅಂತೀರ. ದೇವ್ರಿಗೆ ಮಾತ್ರ ಹಳೇದು ಆಗುತ್ತಾ?"

"ಮಾತು ಅದೇ ತಾನೆ ಕಣೇ. ದೇವ್ರು ಮನಸ್ಸು ನೋಡ್ತಾನೆ."

"ದೇವ್ರಿಗೆ ಕಾಣುತ್ತೆ. ನಂಗೆ ಕಾಣಲ್ವಲ್ಲ. ಒಂದಿನ ನನ್ನ ಪಕ್ಕ ಕೂತ್ಕೊಂಡು ನೀವೇ ಹೇಳಿ. ಪ್ರಾರ್ಥನೇಲಿ ಮನೆಯವರು ಅಂತ ಅನ್ನೋ ಬದ್ಲು ನನ್ನ ಹೆಸರು ಹೇಳಿ."

"ಆಯ್ತು, ಈ ಕ್ರಿಸ್ಮಸ್ ಆರ್ಡರ್ ಮುಗೀಲಿ."

ಕ್ರಿಸ್ಮಸ್ ಮುಗಿಯಿತು. ಹೊಸ ವರ್ಷದ ಕೇಕು ಬಂತು. ಆಮೇಲೆ ಮದುವೆಗಳ ಕಾಲ. ನೋಡಿ, ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದೇವರ ಕಾಣಿಕೆ ತಪ್ಪಿಸಿದವನಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡವನು, ಅಷ್ಟೇ. ನಾಳೆ ಹೇಳಿದರಾಯಿತು.

ಒಂದು ಬೆಳಗ್ಗೆ ಮೊಬೈಲ್ ಎಂದಿನಂತೆ ಶುರುವಾಯಿತು. "ಪರಲೋಕದ ತಂದೆಯೇ, ರಾತ್ರಿಯೆಲ್ಲ ಕಾಪಾಡಿ, ನನ್ನನ್ನೂ ನನ್ನ ಮನೆಯವರನ್ನೂ ಸುಖವಾಗಿ ಎಬ್ಬಿಸಿದ್ದಕ್ಕಾಗಿ ನಿನಗೆ ಸ್ತೋತ್ರ." ಅವನು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ. ಪ್ರಾರ್ಥನೆ ಮುಗಿಯಿತು, ಆಮೆನ್ ಕೇಳಿಸಲಿಲ್ಲ. ಅಡುಗೆಮನೆಯಲ್ಲೂ ಸದ್ದಿಲ್ಲ. ಅವಳು ಇನ್ನೂ ಮಲಗಿದ್ದಾಳೆ ಎಂದು ಅವನು ಎಬ್ಬಿಸದೆ ಎದ್ದು ಬಂದಿದ್ದ. ಈಗ ಹೋಗಿ ಭುಜ ಮುಟ್ಟಿದ. ಮೈ ತಣ್ಣಗಾಗಿತ್ತು. ಕೃಪಾಮಣಿ ನಿದ್ದೆಯಲ್ಲೇ ಕರ್ತನ ಬಳಿಗೆ ಹೋಗಿಬಿಟ್ಟಿದ್ದಳು. ಅವಳು ಏಳಲೇ ಇಲ್ಲ, ಎಬ್ಬಿಸಿದ್ದಕ್ಕೆ ಗಂಡನ ದನಿ ಸ್ತೋತ್ರ ಹೇಳಿ ಮುಗಿಸಿತ್ತು. ಇದನ್ನು ಹೇಳುವಾಗ ನನಗೇ ಸಂಕಟವಾಗುತ್ತದೆ.

ಮಣ್ಣು ಮಾಡಿದ ಮರುದಿನ ಆ ಊರಿನ ಸಭೆಯ ಪಾದ್ರಿ ಅಯ್ಯನವರು ಅವನ ಮನೆಗೆ ಹೋದರು. ಬೇಕರಿಗೆ ಬೀಗ. ಅವನು ಚಾಪೆ ಹಾಸಿಕೊಂಡು ಕೂತಿದ್ದ.

"ಅಯ್ನೋರೇ, ಬೆಳಗ್ಗೆಯಿಂದ ಕೂತಿದೀನಿ," ಅಂದ. "ಈಗ ಟೈಮಿದೆ. ಮಾತೂ ಬರ್ತಿದೆ. ಕೃಪಾಮಣೀನ ನಂಗೆ ಕೊಟ್ಟಿದ್ದಕ್ಕೆ ಸ್ತೋತ್ರ ಅಂತ ಎಷ್ಟೋ ಸಲ ಹೇಳ್ದೆ. ದೇವ್ರು ಕೇಳಿಸ್ಕೊಂಡಿರ್ತಾನೆ. ಅವಳೂ ಕೇಳಿಸ್ಕೋಬೇಕಿತ್ತು."

ಅಯ್ಯನವರು ಅವನ ಕೈ ಹಿಡಿದುಕೊಂಡರು. ಪಕ್ಕದಲ್ಲಿ ಕೂತು ಅವರೂ ಅತ್ತರು.

ಪ್ರಿಯರೇ, ನಮ್ಮ ಸ್ತೋತ್ರ ಇಲ್ಲದಿದ್ದರೆ ದೇವರಿಗೆ ಏನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ನಮಗೆ. ಬೆಳಗ್ಗೆ ಎದ್ದು ಸ್ತೋತ್ರ ಹೇಳಬೇಕಾದರೆ, ದೇವರು ಇವತ್ತು ಏನು ಕೊಟ್ಟಿದ್ದಾನೆ ಎಂದು ಸುತ್ತ ಒಮ್ಮೆ ನೋಡಬೇಕಾಗುತ್ತದೆ. ಆ ಮನುಷ್ಯ ನೋಡುವುದನ್ನೇ ಬಿಟ್ಟಿದ್ದ. ನೀವು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಲ್ಲ, ಒಪ್ಪಿದೆ. ನಾಲಿಗೆಯಲ್ಲಿ ಮಾಡಿಟ್ಟುಕೊಂಡಿದ್ದೀರಲ್ಲ? ಅದೇ ನಾಲ್ಕು ಮಾತು, ಅದೇ ಅವಸರ, ಒಂದು ಕಣ್ಣು ಗಡಿಯಾರದ ಮೇಲೆ. ಆಮೆನ್ ಅನ್ನುವಷ್ಟರಲ್ಲಿ ಕೈ ಫೋನಿನ ಮೇಲೆ. ಇಲ್ಲ ಅನ್ನುವವರು ಯಾರಾದರೂ ಇದ್ದೀರಾ?

ನಾಳೆ ಬೆಳಗ್ಗೆ ಕಾಫಿಗೆ ಕೂಗುವ ಮೊದಲು ನಿಮ್ಮ ಮನೆಯಲ್ಲಿ ಯಾರು ಎದ್ದಿದ್ದಾರೆ ನೋಡಿ. ಹೆಂಡತಿಯೋ, ಗಂಡನೋ, ಅತ್ತೆಯೋ, ಮಗಳೋ. ಅವರ ಪಕ್ಕ ಕೂತುಕೊಳ್ಳಿ. ಹಿಂದಿನ ದಿನ ಜಗಳವಾಗಿದ್ದರೂ ಕೂತುಕೊಳ್ಳಿ. ಅವರ ಹೆಸರು ಹಿಡಿದು, ಅವರಿಗೆ ಕೇಳಿಸುವ ಹಾಗೆ, ಇವತ್ತೂ ಇವರನ್ನು ನನಗೆ ಕೊಟ್ಟೆಯಲ್ಲ ತಂದೆಯೇ, ಸ್ತೋತ್ರ ಎಂದು ಹೇಳಿ. ನಾಚಿಕೆಯಾದರೆ ಆಗಲಿ. ಗಾಡಿ ತಡವಾದರೆ ಆಗಲಿ. ಅವರ ಬಾಯಿಂದ ಆಮೆನ್ ಬರುವವರೆಗೂ ಚಾಪೆ ಬಿಟ್ಟು ಏಳಬೇಡಿ.