ಅತ್ತೆಯ ಪ್ರಾರ್ಥನೆ, ಸೊಸೆಯ ಆಮೆನ್

ಸ್ಕ್ಯಾನಿಂಗ್ ಕೋಣೆಯ ಹೊರಗೆ ಹೆಂಡತಿಗಾಗಿ ಕಾಯುತ್ತಿದ್ದ ಬಡಗಿಯ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು.

“ಅತ್ತೆ, ಪ್ರಾರ್ಥನೆ ಮಾಡೋಣ ಅಂದ್ರೆ ಬಾಯಿಗೆ ಮಾತೇ ಬರ್ತಿಲ್ಲ,” ಎಂದಳು ಬಸುರಿ ಸೊಸೆ.

“ನಾನು ಮಾಡ್ತೀನಿ. ನೀನು ಆಮೆನ್ ಅಂದ್ರೆ ಸಾಕು.”

“ಹೋದ ಸಲಾನೂ ಮಾಡಿದ್ರಿ. ಮಗು ಉಳೀಲಿಲ್ಲ.”

“ಹೌದು ಮಗಳೇ. ಆಮೇಲೆ ಯೇಸಪ್ಪನ ಹತ್ರ ಜಗಳಾನೂ ಆಡಿದೆ. ಅಷ್ಟು ಬೈಸ್ಕೊಂಡ್ರೂ ಆತ ನಮ್ಮನ್ನ ಬಿಟ್ಟು ಹೋಗ್ಲಿಲ್ಲ.”

ಅತ್ತೆ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಪ್ರಾರ್ಥಿಸಿದರು. ಸೊಸೆ ಆಮೆನ್ ಅಂದಳು.

“ಈಗ ಹೇಗಿದೆ?”

“ಎದೆ ಇನ್ನೂ ಡವಡವ ಅಂತಿದೆ. ಆದ್ರೆ ಒಬ್ಬಳೇ ಹೊತ್ಕೊಂಡಿದೀನಿ ಅನ್ನಿಸ್ತಿಲ್ಲ.”

ನರ್ಸ್ ಸೊಸೆಯನ್ನು ಒಳಗೆ ಕರೆದಳು.

“ಒಳಗೆ ಏನೇ ಹೇಳ್ಲಿ ಅತ್ತೆ, ನಿಮ್ಮನ್ನ ಕೊಟ್ಟಿದ್ದಕ್ಕೆ ಆತನಿಗೆ ಸ್ತೋತ್ರ.”

“ಇದನ್ನ ನಿನ್ನ ಗಂಡನ ಮುಂದೆ ಹೇಳು, ಅವನು ನಂಬಲ್ಲ.”

ಬಾಗಿಲು ಮುಚ್ಚುವ ಮುನ್ನ ಸೊಸೆ ನಕ್ಕಿದ್ದು ಬಡಗಿಗೆ ಕೇಳಿಸಿತು.