ಅವಳಿಗೆ ಇಂಟರೆಸ್ಟ್ ಇಲ್ಲ

ಇಸವಿ ಎರಡು ಸಾವಿರ. ಗಂಡನ ಜೊತೆ ಮೈಸೂರಿನಿಂದ ಜಪಾನಿನ ಓಜಿಮಾಗೆ ಬಂದಿದ್ದ ಕಾತ್ಯಾಯಿನಿಗೆ ವಿಡಿಯೋ ಅಂಗಡಿಯ ಸಾಲಿನಲ್ಲಿ ಇದ್ದಕ್ಕಿದ್ದಂತೆ ಕನ್ನಡ ಕೇಳಿಸಿತು. ಮುಂದೆ ನಿಂತಿದ್ದ ಗಂಡ ಹೆಂಡತಿ, ಹಾಡು ಕುಣಿತದ ಹಳೇ ಹಾಲಿವುಡ್ ಸಿನಿಮಾದ ಕ್ಯಾಸೆಟ್ ವಾಪಸ್ ಕೊಡಲು ಬಂದಿದ್ದರು.

"ಚೆನ್ನಾಗಿತ್ತಲ್ವಾ, ತಾರಾ?"

"ಏನ್ ಚೆನ್ನ, ಮಣ್ಣು! ಇಡೀ ನಾಟಕದ ಕಂಪನಿ ನಡೆಸ್ತಿದ್ದೋಳು. ಅವನೊಂದು ಹಾಡು ಹೇಳಿದ್ದೇ ತಡ, ಎಲ್ಲಾ ಬಿಟ್ಟು ಅಡುಗೆಮನೆ ಸೇರ್ಕೊಂಡ್ಳು."

"ಖುಷಿಯಾಗೇ ಹೋದ್ಳಲ್ಲ."

"ಕಥೆ ಬರೆದೋನಿಗೆ ಖುಷಿ, ರಾಘವ್."

"ಆಗಿನ ಕಾಲ ಹಾಗಿತ್ತು ಕಣೆ."

"ನೆನ್ನೆ ನಿನ್ ಮ್ಯಾನೇಜರ್ ಹೊಸೋಯಾ ಸಾನ್ ಹತ್ರ 'ನನ್ ವೈಫ್‌ಗೆ ಕೆಲಸದಲ್ಲಿ ಇಂಟರೆಸ್ಟ್ ಇಲ್ಲ' ಅಂದ್ಯಲ್ಲ, ಅದ್ಯಾವ ಕಾಲ? ಬೆಂಗಳೂರಲ್ಲಿ ವೈಟೂಕೆ ಸಾಫ್ಟ್‌ವೇರ್ ಟೀಮ್ ನಡೆಸಿದೋಳು ನಾನು!"

ರಾಘವ್ ಕ್ಯಾಸೆಟ್ಟನ್ನು ಕೈಯಿಂದ ಕೈಗೆ ಬದಲಿಸಿದ. "ಸುಮ್ನೆ ಮಾತಿಗೆ ಅಂದೆ."

"ನಾನೇ ಅವರಿಗೆ ಫೋನ್ ಮಾಡ್ದೆ. ಸೋಮವಾರ ಇಂಟರ್‌ವ್ಯೂ."

"ನಮ್ಮ ಆಫೀಸಲ್ಲಾ?"

"ಹೂಂ. ನಿನ್ ಪಕ್ಕದ ಟೀಮು."

"ಮತ್ತೆ ನಿಧೀನ ಯಾರ್ ನೋಡ್ಕೊತಾರೆ?"

"ಅವಳಿಗೆ ಅಪ್ಪ ಇಲ್ವಾ?"

ತಾರಾ ಕ್ಯಾಸೆಟ್ ಕಿತ್ತುಕೊಂಡು ಕೌಂಟರಿನ ಮೇಲಿಟ್ಟು, ಅಂಗಡಿಯವನಿಗೆ 'ಅರಿಗಾತೋ' ಎಂದು ಥ್ಯಾಂಕ್ಸ್ ಹೇಳಿ ಹೊರನಡೆದಳು. ರಾಘವ್ ಹಿಂದೆಯೇ ಓಡಿದ. ಅವನೇನು ಉತ್ತರ ಕೊಡುತ್ತಾನೋ ಎಂದು ಕಾತ್ಯಾಯಿನಿ ಕಿವಿಗೊಟ್ಟಳು. ಅಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡಿತು. ಆಚೆ ಅವನು ಕೈಯಾಡಿಸುತ್ತ ಏನೋ ಹೇಳುತ್ತಲೇ ಇದ್ದ. ತಾರಾ ತಿರುಗಿ ನೋಡಲಿಲ್ಲ.