ಸೀಸೆಯೊಳಗಿನ ಹುಚ್ಚೆಳ್ಳು ಗಿಡ

ಎಂಬತ್ತಾರರ ಮಾತು. ಕಳಸದ ಬಸ್ಸು ತಡವಾದದ್ದರಿಂದ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗಳು. ಮೊಮ್ಮಗಳ ಮಡಿಲಲ್ಲಿ ಹತ್ತಿಯ ಬಿರಡೆ ಹಾಕಿದ ಗಾಜಿನ ಸೀಸೆ, ಅದರೊಳಗೆ ಬೆರಳುದ್ದದ ಹಸಿರು ಗಿಡ.

“ಇದನ್ನ ತೋರಿಸೋಕಾ ನನ್ನನ್ನ ಜಾವಳಿಯಿಂದ ಇಲ್ಲಿಗೆ ಕರೆಸಿದ್ದು?”

“ಮನೆಗೆ ಬರೋಕೆ ಹೊತ್ತಿಲ್ಲ ಅಜ್ಜಿ. ನಾಳೆ ಬೆಳಿಗ್ಗೆ ಇದು ಕಾಲೇಜಿನ ಲ್ಯಾಬಲ್ಲಿ ಇರ್ಬೇಕು. ನೀವು ಚಟ್ನಿಪುಡಿಗೆ ಅಂತ ಕೊಟ್ಟ ಹುಚ್ಚೆಳ್ಳು ಇದು.”

“ಹುರಿದು ಪುಡಿ ಮಾಡು ಅಂದ್ರೆ ಬಿತ್ತಿದ್ಯಾ?”

“ಮೊಳಕೆ ಬರಿಸಿ, ಎಲೆ ಚೂರು ಮಾಡಿ, ಗಿಡಕ್ಕೆ ಬೇಕಾದ ಆಹಾರ ಹಾಕಿದ ಸೀಸೇಲಿ ಇಟ್ಟೆ. ಆ ಚೂರಿಂದ ಈ ಗಿಡ ಬಂತು. ಬೇರೂ ಬಿಟ್ಟಿದೆ, ನೋಡಿ.”

“ಉಸಿರು ಕಟ್ಟುತ್ತೆ ಮಾರಾಯ್ತಿ. ಆ ಹತ್ತಿ ಸ್ವಲ್ಪ ತೆಗಿ.”

“ತೆಗೀಬಾರ್ದು. ಹೊರಗಿನ ಗಾಳಿ ಸೋಕಿದ್ರೆ ಬೂಷ್ಟು ಹಿಡಿಯುತ್ತೆ. ಇದರ ಜೊತೆಯವೆಲ್ಲ ಹಾಗೇ ಹೋದ್ವು. ಉಳಿದಿರೋದು ಇದೊಂದೇ.”

ಅಜ್ಜಿ ಬಾಗಿ ಸೀಸೆಯೊಳಗೆ ನೋಡಿದರು.

“ಉಳಿದಿರೋ ಒಂದನ್ನ ಈ ಬಸ್ಸುಗಳಲ್ಲಿ ಯಾಕೆ ಹೊತ್ಕೊಂಡು ಬಂದೆ?”

“ಬೀಜ ನಿಮ್ಮದಲ್ವಾ. ಇದೂ ಹೋಗೋದಾದ್ರೆ, ಅದಕ್ಕೆ ಮುಂಚೆ ನೀವು ನೋಡ್ಲಿ ಅಂತ.”

“ಬಿಡ್ತು ಅನ್ನು.”

ಚಿಕ್ಕಮಗಳೂರು ಬಸ್ಸು ಬಂತು. ಅಜ್ಜಿ ಹೊದ್ದಿದ್ದ ಶಾಲು ತೆಗೆದು, ಸೀಸೆಗೆ ಬಾಯಿ ಮುಚ್ಚುವಂತೆ ಸುತ್ತಿ ಮೊಮ್ಮಗಳ ಕೈಗಿತ್ತರು. ಆಮೇಲೆ ಅವಳಿಗಿಂತ ಮೊದಲು ಬಾಗಿಲಿಗೆ ಹೋಗಿ ಕಂಡಕ್ಟರನಿಗೆ ಹೇಳಿದರು.

“ಇವಳಿಗೆ ಕಿಟಕಿ ಪಕ್ಕ ಬೇಡಪ್ಪ, ಗಾಳಿ ಆಗಲ್ಲ. ಎಳೆ ಕೂಸಿದೆ.”

ಕಂಡಕ್ಟರು ಶಾಲಿನ ಗಂಟನ್ನು ನೋಡಿ, ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. ಮೊಮ್ಮಗಳು ಗಂಟನ್ನು ಎದೆಗೊತ್ತಿಕೊಂಡು ಅಲ್ಲಿ ಕೂತಳು.